ಒಂದೇ ಬೋರ್ಡಿನಲ್ಲಿ ಎರಡು ಕಾರ್ಡು

"ಇದನ್ನ ಟವೆಲಲ್ಲಿ ಸುತ್ತಿದ್ದು ಯಾರು?"

ಅವಳು ಅವನ ಜೊತೆ ಆಡಿದ ಮೊದಲ ಮಾತು ಇದೇ. ಕಂಪ್ಯೂಟರ್ ರಿಪೇರಿ ಅಂಗಡಿಯ ಹಿಂಭಾಗದಲ್ಲಿ, ಬಿಳಿ ದೀಪದ ಕೆಳಗೆ ಕೂತಿದ್ದವಳು ತಲೆ ಎತ್ತಿ ಕೇಳಿದಳು. ಎದುರಿಗೆ ನಿಂತಿದ್ದವನ ಒಂದು ಕಂಕುಳಲ್ಲಿ ದೊಡ್ಡ ಕ್ಯಾಬಿನೆಟ್ಟು, ಇನ್ನೊಂದು ಕೈಯಲ್ಲಿ ಹಸುಗೂಸನ್ನು ಎತ್ತಿಕೊಂಡ ಹಾಗೆ ಹಳದಿ ಟವೆಲಿನ ಗಂಟು. ಗಂಟಿನ ಸಂದಿಯಿಂದ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಇಣುಕುತ್ತಿತ್ತು.

"ನಾನೇ. ಸ್ನಾನ ಮಾಡಿಸಿಲ್ಲ, ಬರೀ ಸುತ್ತಿದ್ದೀನಿ."

ಅವಳು ನಗಲಿಲ್ಲ. ಟವೆಲಿನ ಉಜ್ಜಾಟದಲ್ಲಿ ಹುಟ್ಟುವ ಕರೆಂಟು ಚಿಪ್ಪನ್ನು ಸುಟ್ಟುಬಿಡುತ್ತದೆ, ಕಣ್ಣಿಗೆ ಗಾಯವೂ ಕಾಣುವುದಿಲ್ಲ ಎಂದು ಹೇಳಿದಳು. ಏರಿಳಿತವಿಲ್ಲದ ದನಿ. ಅವನು ಗಂಟನ್ನು ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕಳ್ಳಮಾಲಿನ ಜೊತೆ ಸಿಕ್ಕಿಬಿದ್ದವನ ಮುಖ ಅವನದು!

ಅವನಿಗೆ ಬೇಕಾಗಿದ್ದು ಇಷ್ಟೇ. ಕಂಪ್ಯೂಟರಿನಲ್ಲಿ ಆಗಲೇ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು, ಅದರ ಕೆಳಗೆ ಇನ್ನೊಂದನ್ನು ಕೂರಿಸಿ ಎರಡೂ ಒಟ್ಟಿಗೆ ದುಡಿಯಬೇಕು. ಮನೆಯಲ್ಲಿ ತಾನೇ ಪ್ರಯತ್ನ ಮಾಡಿದ್ದ. ಕಾರ್ಡು ಸ್ಲಾಟಿನಲ್ಲಿ ಟಕ್ ಎಂದು ಕೂತಿತ್ತು, ಪರದೆ ಮಾತ್ರ ಕಪ್ಪಾಗಿಯೇ ಉಳಿದಿತ್ತು.

"ಕೂರೋದು ಬೇರೆ, ಕೆಲಸ ಮಾಡೋದು ಬೇರೆ," ಅವಳು ಟಾರ್ಚು ಬಿಟ್ಟು ತೋರಿಸಿದಳು. "ನೋಡೋಕೆ ಎರಡು ಸ್ಲಾಟೂ ಒಂದೇ ಉದ್ದ. ಮೇಲಿನದಕ್ಕೆ ಡೇಟಾ ಓಡಾಡೋಕೆ ಪ್ರೊಸೆಸರಿಂದ ಹದಿನಾರು ದಾರಿ, ನೇರವಾಗಿ. ಕೆಳಗಿನದಕ್ಕೆ ನಾಲ್ಕೇ, ಅದೂ ಸುತ್ತಿ ಬಳಸಿಕೊಂಡು. ಗೇಮ್ ಆಡೋಕೆ ಅಂದ್ರೆ ಎರಡನೇ ಕಾರ್ಡನ್ನ ಮರೆತುಬಿಡಿ."

"ಗೇಮ್ ಅಲ್ಲ. ಆಮೆ."

"ಆಮೆ?"

ಅವನು ಚಿತ್ರಗಳಿಗೆ ಜೀವ ಕೊಡುವ ಕೆಲಸದವನು. ಕಂಪ್ಯೂಟರಿನಲ್ಲಿ ಒಂದು ಆಮೆಯನ್ನು ಮಾಡಿದ್ದ, ಅದು ಒಂದು ರಸ್ತೆ ದಾಟುತ್ತದೆ, ಅಷ್ಟೇ ಕಥೆ. ಚಿಪ್ಪಿನ ಮೇಲೆ ಬೆಳಕು ಬೀಳುವ ಒಂದೊಂದು ಚಿತ್ರವನ್ನು ಲೆಕ್ಕ ಹಾಕಿ ಬರೆಯಲು ಮೆಷಿನ್ನು ತಿಣುಕುತ್ತಿತ್ತು. ಆಮೆಗೆ ತಕ್ಕ ಮೆಷಿನ್ನು ಎಂದು ಅವನೇ ಹೇಳಿಕೊಂಡ.

ಹಾಗಾದರೆ ಆಗಬಹುದು ಎಂದಳು. ಇಂಥ ಕೆಲಸದಲ್ಲಿ ಎರಡು ಕಾರ್ಡುಗಳು ಒಂದರ ಮುಖ ಒಂದು ನೋಡಬೇಕಿಲ್ಲ, ತಮ್ಮ ಪಾಲಿನ ಚಿತ್ರ ತಾವು ಬರೆದುಕೊಂಡು ಹೋಗುತ್ತವೆ. ನಾಲ್ಕು ದಾರಿಯೂ ಸಾಕು. ಆದರೆ ಎರಡರ ಮೆಮೊರಿ ಕೂಡಿಕೊಳ್ಳುವುದಿಲ್ಲ, ಇಡೀ ಆಮೆ ಎರಡರಲ್ಲೂ ಪೂರ್ತಿ ಹಿಡಿಸಬೇಕು. ಮುಖ್ಯವಾಗಿ, ಈಗಿರುವ ಪವರ್ ಸಪ್ಲೈ ಎರಡನ್ನು ಸಾಕುವಷ್ಟು ಗಟ್ಟಿಯಿಲ್ಲ. ದೊಡ್ಡದೊಂದು ತಂದರೆ ಕೂರಿಸಿಕೊಡುವೆ ಎಂದಳು.

"ನಾಳೇನೇ ತರ್ತೀನಿ," ಎಂದವನು ಮೆಷಿನ್ನನ್ನು ಅಲ್ಲೇ ಬಿಟ್ಟು, ಬಾಗಿಲ ತನಕ ಹೋಗಿ ತಿರುಗಿ ನೋಡಿದ. "ನೀವು ಯಾವಾಗಲೂ ಹೀಗೇನಾ?"

"ಹೀಗೆ ಅಂದ್ರೆ?"

ಅವನು ನಕ್ಕು ಹೊರಟುಹೋದ. ಅವಳು ಟಾರ್ಚು ಆರಿಸಿದಳು.

ಹೌದು, ಅವಳು ಹೀಗೇ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಕಿವಿಯ ಹಿಂದೆ ಬಿಳಿಕೂದಲು ಇಣುಕಿದರೂ ಪುಟ್ಟಿಯೇ. ಅಂಗಡಿ ಅವಳ ಸೋದರಮಾವನದು, ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಮ್ಮ ಹಾಸಿಗೆ ಹಿಡಿದಾಗ ಇಬ್ಬರೂ ಇಲ್ಲಿಗೆ ಬಂದವರು. ಬೆಳಿಗ್ಗೆ ಅಮ್ಮನನ್ನು ಒರೆಸಿ, ಮಗ್ಗುಲು ಬದಲಿಸಿ, ಕೆಳಗಿಳಿದು ಬೋರ್ಡುಗಳ ಮುಂದೆ ಕೂರುತ್ತಿದ್ದಳು. ಮಧ್ಯಾಹ್ನ ಮತ್ತೆ ಮೇಲೆ.

ಅಮ್ಮ ಹೋದ ದಿನವೂ ಕೆಳಗೇ ಇದ್ದಳು. ಮಾವ ಬಂದು, ದನಿ ತಗ್ಗಿಸಿ ವಿಷಯ ಹೇಳಿದರು. ಕೈಯಲ್ಲಿದ್ದ ಕ್ಯಾಬಿನೆಟ್ಟಿಗೆ ಇನ್ನೂ ಸ್ಕ್ರೂ ಬಿಗಿಯುವುದಿತ್ತು. ಬಿಗಿದಳು. ಮುಚ್ಚಳ ಹಾಕಿದಳು, ಬಟ್ಟೆಯಿಂದ ಒರೆಸಿದಳು, ಆಮೇಲೆ ಮೆಟ್ಟಿಲು ಹತ್ತಿದಳು.

ನೆಂಟರು ಅದನ್ನು ಇನ್ನೂ ಬಿಟ್ಟಿಲ್ಲ. ಹೆತ್ತ ತಾಯಿ ಕಣ್ಣು ಮುಚ್ಚಿದರೂ ಸ್ಕ್ರೂ ತಿರುಗಿಸುತ್ತಿದ್ದಳಂತೆ ಎಂಬ ಮಾತು ಮನೆಯಿಂದ ಮನೆಗೆ ಹೋಗಿ, ಕೈಕಾಲು ಬೆಳೆಸಿಕೊಂಡು, ಅವಳ ಕಿವಿಗೇ ವಾಪಸ್ಸು ಬಂದಿತ್ತು. ಕೇಳಿಸಿಕೊಂಡಳು. ಸಿಟ್ಟು ಬರಲಿಲ್ಲ. ಅಳು ಬರಬಹುದು ಎಂದು ಬಸ್ಸಿಗೆ ಕಾಯುವ ಹಾಗೆ ಕೆಲವು ದಿನ ಕಾದಳು, ಬರಲಿಲ್ಲ. ಆಮೇಲೆ ಕಾಯುವುದನ್ನೂ ಬಿಟ್ಟಳು.

ಒಂದನ್ನು ಮಾತ್ರ ಬಿಡಲಿಲ್ಲ. ಯಾರದ್ದೇ ಮೆಷಿನ್ನಿರಲಿ, ಒಳಗೆ ಏನನ್ನಾದರೂ ಕೂರಿಸುವ ಮೊದಲು ಅವಳು ಕೇಳುವ ಮಾತೊಂದಿತ್ತು. "ಡಿಸ್ಕ್ ಎಷ್ಟಿವೆ? ಕಳಕೊಂಡ್ರೆ ಅಳು ಬರೋವಂಥದ್ದು ಯಾವುದರಲ್ಲಿದೆ?" ಫ್ಯಾನು ಬದಲಿಸಲು ಬಂದವರಿಗೂ ಇದೇ ಪ್ರಶ್ನೆ. ಅಮ್ಮ ಹೋದ ದಿನದ ಗಿರಾಕಿಗೂ ಕೇಳಿಯೇ ಕೆಲಸ ಶುರು ಮಾಡಿದ್ದಳು. ಪುಟ್ಟಿ ನಮಸ್ಕಾರ ಮರೆತಾಳು, ಡಿಸ್ಕ್ ಮರೆಯಲ್ಲ ಎಂದು ಮಾವ ನಗುತ್ತಿದ್ದರು.

ಅವಳಿಗೊಂದು ಮದುವೆ ಮಾಡಿ ಕೈತೊಳೆದುಕೊಳ್ಳಬೇಕು ಎಂದು ಅತ್ತೆ, ಅಂದರೆ ಮಾವನ ಹೆಂಡತಿ, ಓಡಾಡುತ್ತಿದ್ದರು. ಕೆಟ್ಟವರಲ್ಲ, ಅವಸರದವರು. ಗಂಡೂ ಸಿಕ್ಕಿದ್ದ. ಒಂದು ದೊಡ್ಡ ಗೋದಾಮಿನ ಮ್ಯಾನೇಜರ್, ಮೆದು ಮಾತಿನವನು, ತಾಯಿಯ ಜೊತೆ ಇರುವವನು. ಒಪ್ಪಿಗೆಯಾ ಎಂದು ಅತ್ತೆ ಕೇಳಿದಾಗ ಪುಟ್ಟಿ ತಟ್ಟೆ ತೊಳೆಯುತ್ತಾ "ಆಗ್ಲಿ" ಅಂದಿದ್ದಳು. ನಾಳೆಯಿಂದ ತಾರಸಿ ಮೇಲೆ ಮಲಗು ಎಂದಿದ್ದರೂ ಆಗ್ಲಿ ಎನ್ನುತ್ತಿದ್ದಳು ಬಿಡಿ. ಬರುವ ಭಾನುವಾರ ಎರಡೂ ಮನೆಯವರು ಕೂತು ದಿನ ಗೊತ್ತು ಮಾಡುವುದೆಂದು ಆಗಿತ್ತು. ಆ ಮಾತು ಮುಗಿದರೆ ಮುಗಿಯಿತು, ಬಾಯಿ ತೆರೆಯುವುದಿದ್ದರೆ ಅದಕ್ಕೆ ಮೊದಲೇ ತೆರೆಯಬೇಕು. ಆದರೆ ತೆರೆಯಲು ಅವಳೊಳಗೆ ಏನಾದರೂ ಇರಬೇಕಲ್ಲ...

ಮಾರನೇ ದಿನ ಚಿತ್ರದವನು ಬಂದ. ಹೊಸ ಪವರ್ ಸಪ್ಲೈ ಈ ಬಾರಿ ಅದರ ಡಬ್ಬದಲ್ಲೇ ಇತ್ತು.

"ಟವೆಲ್ ಮನೇಲೇ ಬಿಟ್ಟೆ," ಎಂದ.

ಅವನು ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ. ಗಿರಾಕಿಗಳು ಮೇಜಿನ ಆ ಬದಿಗೇ ನಿಲ್ಲಬೇಕೆಂಬುದು ಅಂಗಡಿಯ ನಿಯಮ. ಪುಟ್ಟಿ ಅದನ್ನು ಹೇಳಲೆಂದು ಬಾಯಿ ತೆರೆದು, ಯಾಕೋ ಸುಮ್ಮನಾದಳು.

ಅವನು ಮಾತಾಡುತ್ತಲೇ ಇದ್ದ. ತಾನು ಸೇತುವೆಯ ಪಕ್ಕದ ಲಾಂಡ್ರಿಯ ಮೇಲೆ, ಕೊನೇ ಮಹಡಿಯಲ್ಲಿ ಇರುವುದು, ಮೆಟ್ಟಿಲೆಲ್ಲ ಸೋಪಿನ ವಾಸನೆ, ಬಂದ ನೆಂಟರು ಮನೆ ಎಷ್ಟು ಚೊಕ್ಕ ಎಂದು ಹೊಗಳಿ ಬಾಗಿಲು ತೆಗೆದ ಮೇಲೆ ಮಾತು ವಾಪಸ್ಸು ತಗೊಳ್ಳುತ್ತಾರೆ ಎಂದ. ಅವಳು ಹಳೆಯ ಪವರ್ ಸಪ್ಲೈ ಬಿಚ್ಚಿದಳು.

ಆಮೇಲೆ ಆಮೆಯ ಮಾತು ಬಂತು. ಆಮೆ ರಸ್ತೆಯ ನಡುವೆ ಬರುತ್ತದೆ, ಎರಡೂ ಕಡೆ ಗಾಡಿಗಳು ನಿಂತಿವೆ, ಎಲ್ಲರೂ ಹಾರ್ನ್ ಹೊಡೆಯುತ್ತಿದ್ದಾರೆ.

"ಆವಾಗ ಅದು ಚಿಪ್ಪಿನೊಳಗೆ ಹೋಗಿಬಿಡುತ್ತೆ. ರಸ್ತೆ ಮಧ್ಯದಲ್ಲೇ. ನೋಡೋರಿಗೆಲ್ಲ ಅದಕ್ಕೆ ಸೊಕ್ಕು ಅಂತ ಅನಿಸುತ್ತೆ, ಹಾರ್ನ್ ಕೇಳಿಸಿದ್ರೂ ಅಲ್ಲಾಡಲ್ಲ ಅಂತ. ನಾನು ಒಳಗಿಂದಾನೂ ಒಂದು ಶಾಟ್ ಮಾಡಿದ್ದೀನಿ. ಒಳಗೆ ಪೂರಾ ಕತ್ತಲೆ. ಅದಕ್ಕೆ ಹೊರಗೆ ಬರೋದು ಮರೆತುಹೋಗಿರುತ್ತೆ, ಅಷ್ಟೇ."

ಪುಟ್ಟಿಯ ಕೈ ನಿಂತಿತು.

"ಆಮೇಲೆ?"

"ಆಮೇಲೇನು ಅಂತ ನಂಗಿನ್ನೂ ಗೊತ್ತಿಲ್ಲ. ಅದಕ್ಕೇ ಮುಗೀತಿಲ್ಲ. ಹಿಂದೆ ಇರೋ ಲಾರಿ ಡ್ರೈವರು ಇಳಿದು ಬಂದು ಬೆನ್ನು ತಟ್ಟಿದ ಅಂತಿಟ್ಕೊಳ್ಳಿ, 'ಯಜಮಾನ್ರೇ, ಮನೇಲಿದ್ದೀರಾ' ಅಂತ..."

ಅವಳ ಮೂಗಿನಿಂದ ಏನೋ ಸದ್ದು ಹೊರಟಿತು. ಮುಂದಿನ ಕೋಣೆಯಲ್ಲಿದ್ದ ಮಾವ ಪೆನ್ನು ಬಿಟ್ಟು ಇತ್ತ ತಿರುಗಿದರು. ಪುಟ್ಟಿ ನಕ್ಕಿದ್ದಳು. ತಾನೇ ಗಾಬರಿಯಾಗಿ ತಲೆ ಬಗ್ಗಿಸಿ ಎರಡನೇ ಕಾರ್ಡನ್ನು ಸ್ಲಾಟಿಗೆ ಒತ್ತಿದಳು, ತಂತಿ ಸಿಕ್ಕಿಸಿದಳು, ಕಾರ್ಡುಗಳ ನಡುವೆ ಗಾಳಿಯಾಡಲು ಜಾಗ ಇದೆಯೇ ಎಂದು ಬೆರಳಾಡಿಸಿ ನೋಡಿದಳು. ಮೆಷಿನ್ನು ಹೊತ್ತಿಕೊಂಡಿತು. ಪರದೆಯ ಮೇಲೆ ಎರಡು ಕಾರ್ಡುಗಳ ಹೆಸರೂ ಬಂತು.

ಅವನು ಮೆಷಿನ್ನನ್ನು ಎತ್ತಿಕೊಂಡು ಖುಷಿಯಾಗಿ ಹೋದ. ಸ್ಟೂಲು ಅಲ್ಲೇ ಇತ್ತು. ಸಂಜೆ ಬಾಗಿಲು ಹಾಕುವಾಗಲೂ ಅವಳು ಅದನ್ನು ಸರಿಸಲಿಲ್ಲ.

ಭಾನುವಾರ ಮಧ್ಯಾಹ್ನ ಗೋದಾಮಿನ ಮ್ಯಾನೇಜರು ತಾಯಿಯ ಜೊತೆ ಬಂದ. ಚಹಾ ಆಯಿತು, ಬಿಸ್ಕತ್ತು ಆಯಿತು, ಮಾವ ಕ್ಯಾಲೆಂಡರನ್ನು ಗೋಡೆಯಿಂದಿಳಿಸಿ ತೊಡೆಯ ಮೇಲಿಟ್ಟುಕೊಂಡರು. ಪುಟ್ಟಿ ಸೋಫಾದ ಅಂಚಿನಲ್ಲಿ ಕೂತಿದ್ದಳು. ತನ್ನ ಬದುಕಿನ ಮಾತು ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅತ್ತೆ ಕಣ್ಣು ಬಿಟ್ಟರು. ಅಂಗಡಿಯ ಕರೆಗಳೆಲ್ಲ ರಜಾದಿನ ಅವಳಿಗೇ ಬರುವುದು. ಎತ್ತಿದಳು.

"ಆಮೆ ಇಲ್ಲ," ಅವನ ದನಿ ಒಣಗಿತ್ತು. "ಎರಡು ದಿನ ಬೇರೆ ಕೆಲಸದಲ್ಲಿದ್ದೆ, ಇವತ್ತು ತೆಗೆದು ನೋಡಿದ್ರೆ ಆ ಡಿಸ್ಕೇ ಇಲ್ಲ. ಖಾಲಿ ಆಗಿದೆ ಅಂತಲ್ಲ, ಡಿಸ್ಕೇ ಕಾಣ್ತಿಲ್ಲ. ಇನ್ನೆಲ್ಲೂ ಅದರ ಕಾಪಿ ಇಲ್ಲ. ಏನು ಮಾಡಿದ್ರಿ ನೀವು?"

ಏನಾಗಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಆ ಬೋರ್ಡಿನಲ್ಲಿ ಕೆಳಗಿನ ಸ್ಲಾಟಿಗೂ ಎರಡನೇ ಡಿಸ್ಕಿನ ಜಾಗಕ್ಕೂ ಇರುವುದು ಒಂದೇ ದಾರಿ. ಸ್ಲಾಟಿನಲ್ಲಿ ಕಾರ್ಡು ಕೂತರೆ ಬೋರ್ಡು ಆ ಡಿಸ್ಕನ್ನು ತಾನಾಗಿಯೇ ಮುಚ್ಚಿಬಿಡುತ್ತದೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಕಾರ್ಡು ತೆಗೆದರೆ ವಾಪಸ್ಸು ಬರುತ್ತದೆ. ಇದು ಅವಳಿಗೆ ಗೊತ್ತಿರದ ವಿಷಯವಲ್ಲ. ಎರಡು ಡಿಸ್ಕ್ ಇವೆ ಎಂದು ಕೇಳಿ ತಿಳಿದಿದ್ದರೆ ಅಂದೇ ಬೇರೆ ದಾರಿ ಮಾಡಿಕೊಡುತ್ತಿದ್ದಳು.

ಕೇಳಿ ತಿಳಿದಿದ್ದರೆ...

ಅವನನ್ನು ಕೇಳಿರಲಿಲ್ಲ!

ಅಮ್ಮ ಹೋದ ದಿನ ಕೂಡ ತಪ್ಪದ ಪ್ರಶ್ನೆ. ಅವನೊಬ್ಬನಿಗೆ ಕೇಳಿರಲಿಲ್ಲ. ಯಾಕೆ? ಯಾಕೆಂದು ತಿಳಿಯಿತು. ಮಾತು ಹೊರಡಲಿಲ್ಲ.

ಆ ಕಡೆ ಅವನು ಕಾಯುತ್ತಿದ್ದ. ಅವನಿಗೆ ಕೇಳಿಸಿದ್ದು ಬರೀ ಮೌನ.

"ನಿಮಗೆ ಏನೂ ಅನಿಸೋದೇ ಇಲ್ವಾ?" ಎಂದ ಅವನು. ಜೋರು ಮಾಡಲಿಲ್ಲ, ಅದೇ ಹೆಚ್ಚು ನೋಯಿಸುವಂತಿತ್ತು. "ಬಿಡಿ. ನಾನೇ ಎಲ್ಲಾ ಕಿತ್ತು ನೋಡ್ತೀನಿ."

ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ಡ್ ಆಫ್. ಮೆಸೇಜು ಕಳಿಸಿದಳು, ತಲುಪಲಿಲ್ಲ. ಕಿತ್ತು ನೋಡುತ್ತಾನಂತೆ! ಗ್ರಾಫಿಕ್ಸ್ ಕಾರ್ಡನ್ನು ಟವೆಲಿನಲ್ಲಿ ಸುತ್ತಿದ ಕೈ ಅದು. ಕರೆಂಟು ಆರಿಸದೆ ಡಿಸ್ಕನ್ನು ಎಳೆದರೆ ಆಗ ನಿಜಕ್ಕೂ ಆಮೆ ಹೋದ ಹಾಗೆಯೇ.

ಅವಳು ಎದ್ದು ನಿಂತಳು. ಮಾವ ಕ್ಯಾಲೆಂಡರಿನ ಒಂದು ಚೌಕದ ಮೇಲೆ ಬೆರಳಿಟ್ಟು ಆಗ ತಾನೇ ಏನೋ ಕೇಳಿದ್ದರು.

"ನಾನು ಹೋಗಬೇಕು. ಒಂದು ಮೆಷಿನ್ ಸರಿಮಾಡಬೇಕು."

ಈಗಲಾ ಎಂದರು ಅತ್ತೆ. ನಾಳೆ ನೋಡಿದರಾಯಿತು ಎಂದರು ಮಾವ. ಗಂಡಿನ ತಾಯಿ ಮಗನ ಮುಖ ನೋಡಿದರು. ಪುಟ್ಟಿ ಕೆಳಗಿಳಿದು ಅಂಗಡಿಯಿಂದ ಸ್ಕ್ರೂಡ್ರೈವರನ್ನೂ ಒಂದು ಸಣ್ಣ ಯು.ಎಸ್.ಬಿ. ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಳು. ತಿರುಗಿದರೆ ಬಾಗಿಲಲ್ಲಿ ಗೋದಾಮಿನ ಮ್ಯಾನೇಜರ್ ನಿಂತಿದ್ದ. ಜೊತೆಗೆ ಬರಬೇಕೇ, ಗಾಡಿ ಇದೆ ಎಂದು ವಿಚಾರಿಸಿದ. ಒಳ್ಳೆಯ ಮನುಷ್ಯ. ಅದು ಇನ್ನೂ ಕಷ್ಟವಾಯಿತು.

"ನಾನು ಒಪ್ಪಿದ್ದು ನಿಮ್ಮನ್ನಲ್ಲ," ಅವಳು ಹೇಳಿದಳು. "ಯಾರು ಬಂದಿದ್ರೂ ಒಪ್ತಿದ್ದೆ. ಅದು ನಿಮಗೆ ಮಾಡೋ ಮೋಸ ಅಂತ ಈಗ ಗೊತ್ತಾಯ್ತು. ಮದುವೆ ಬೇಡ. ತಪ್ಪು ನಂದು."

ಅವನು ಕಪಾಟಿನಲ್ಲಿದ್ದ ಬೋರ್ಡುಗಳ ಮೇಲೆ ಕಣ್ಣು ಹಾಯಿಸಿದ. "ಮದುವೆ ಆದ ಮೇಲೆ ಹೇಳಿದ್ರೆ ಬೇಜಾರಾಗ್ತಿತ್ತು," ಎಂದ. "ಅಮ್ಮಂಗೆ ನಾನೇ ಹೇಳ್ತೀನಿ. ನಿಮ್ಮ ಅತ್ತೆಗೆ ಮಾತ್ರ ನೀವೇ ಹೇಳಬೇಕು, ಅದು ನನ್ನ ಕೈಲಾಗಲ್ಲ."

ಸೇತುವೆ, ಲಾಂಡ್ರಿ, ಸೋಪಿನ ವಾಸನೆಯ ಮೆಟ್ಟಿಲು. ಅವನು ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಕೊನೇ ಮಹಡಿಗೆ ಬಂದಾಗ ಏದುಸಿರು. ಬಾಗಿಲು ತೆರೆದೇ ಇತ್ತು.

ಅವನು ನೆಲದ ಮೇಲೆ ಕೂತಿದ್ದ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿತ್ತು, ಒಳಗೆ ಫ್ಯಾನುಗಳು ತಿರುಗುತ್ತಿದ್ದವು, ಅವನ ಕೈ ಡಿಸ್ಕಿನಿಂದ ಗೇಣು ದೂರದಲ್ಲಿತ್ತು.

"ಮುಟ್ಟಬೇಡಿ," ಎಂದಳು.

ಅವನು ಮುಟ್ಟಲಿಲ್ಲ. ಅವಳು ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತು ಮೆಷಿನ್ನು ಆರಿಸಿದಳು. ತಂತಿ ಕಿತ್ತಳು. ಎರಡನೇ ಕಾರ್ಡನ್ನು ಹೊರಗೆ ತೆಗೆದು ಅವನ ಕೈಗೆ ಕೊಟ್ಟಳು. ಮತ್ತೆ ಹೊತ್ತಿಸಿದಳು. ಇಬ್ಬರೂ ಪರದೆ ನೋಡುತ್ತಾ ಕೂತರು. ಪರದೆಯಲ್ಲಿ ಡಿಸ್ಕು ಬಂತು. ಅದರೊಳಗೆ ಆಮೆ, ರಸ್ತೆ, ಲಾರಿ, ಎಲ್ಲ ಹಾಗೇ ಇದ್ದವು.

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ.

ಅವಳು ಆ ಡಿಸ್ಕನ್ನು ಬಿಚ್ಚಿ ತಂದಿದ್ದ ಡಬ್ಬಿಯಲ್ಲಿ ಕೂರಿಸಿದಳು. ಇನ್ನು ಅದು ಹೊರಗಿನಿಂದಲೇ ಸಿಕ್ಕಿಕೊಳ್ಳುತ್ತದೆ, ಸ್ಲಾಟಿನ ದಾರಿಗೆ ಅಡ್ಡ ಬರುವುದಿಲ್ಲ. ಕಾರ್ಡನ್ನು ವಾಪಸ್ಸು ಕೂರಿಸಿದಳು. ಈಗ ಎರಡು ಕಾರ್ಡೂ ಇದ್ದವು, ಆಮೆಯೂ ಇತ್ತು. ಯಾಕೆ ಹೀಗಾಯಿತೆಂದು ಸರಳ ಮಾತಿನಲ್ಲಿ ಬಿಡಿಸಿ ಹೇಳಿದಳು. ಇದಕ್ಕೊಂದು ಕಾಪಿ ಬೇರೆ ಕಡೆ ಇಡಿ, ಇವತ್ತೇ, ಎಂದಳು.

"ನಾನು ಹಾಗೆ ಮಾತಾಡಬಾರದಿತ್ತು," ಅವನು ನೆಲ ನೋಡುತ್ತಾ ಹೇಳಿದ. "ತಪ್ಪಾಯ್ತು."

"ನೀವು ಹೇಳಿದ್ದು ನಿಜಾನೇ. ಎಲ್ಲರೂ ಹೇಳ್ತಾರೆ."

"ಆದ್ರೆ ನಿಮಗೆ ಕಾರಣ ಗೊತ್ತಿತ್ತಲ್ಲ? ಫೋನಲ್ಲಿ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಯಾಕೆ ಸುಮ್ಮನಿದ್ರಿ?"

ಪುಟ್ಟಿ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ನಾನು ಎಲ್ಲರಿಗೂ ಒಂದು ಮಾತು ಕೇಳ್ತೀನಿ. ಡಿಸ್ಕ್ ಎಷ್ಟಿವೆ, ಕಳಕೊಂಡ್ರೆ ಅಳು ಬರೋದು ಯಾವುದರಲ್ಲಿದೆ ಅಂತ. ಯಾರಿಗೂ ತಪ್ಪಿಸಿಲ್ಲ. ನಮ್ಮಮ್ಮ ತೀರಿಕೊಂಡ ದಿನಾನೂ ತಪ್ಪಿಸಿಲ್ಲ. ನಿಮಗೆ ಕೇಳಲಿಲ್ಲ." ಅವಳು ಉಸಿರು ತಗೊಂಡಳು. "ನೀವು ಮಾತಾಡ್ತಿದ್ರಿ. ನಾನು ಕೇಳ್ತಾ ಕೂತಿದ್ದೆ. ಕೆಲಸ ಮರೆತುಹೋಯ್ತು. ಅದು ಫೋನಲ್ಲಿ ಗೊತ್ತಾಗಿ... ಮಾತು ಬರಲಿಲ್ಲ."

ಅವನು ಪೂರ್ತಿ ಅವಳ ಕಡೆ ತಿರುಗಿ ಕೂತ.

"ಇದಕ್ಕೆ ಏನಂತಾರೋ ನಂಗೆ ಗೊತ್ತಿಲ್ಲ," ಅವಳು ಮುಂದುವರಿಸಿದಳು. ದನಿ ಎಂದಿನ ಹಾಗೆ ಸಪಾಟಾಗಿಯೇ ಇತ್ತು. "ಎದೆ ಡವಡವ ಅನ್ನಲ್ಲ. ಕಣ್ಣಲ್ಲಿ ನೀರೂ ಇಲ್ಲ. ನೀವು ಹೋದ ಮೇಲೆ ಆ ಸ್ಟೂಲನ್ನ ಮಾತ್ರ ಅಲ್ಲಿಂದ ತೆಗೆಯೋಕಾಗಲಿಲ್ಲ. ನಂಗೆ ಅನಿಸಿದ್ದು ಇಷ್ಟೇ. ಸಾಕಾಗಲ್ಲ ಅಂದ್ರೆ ಹೇಳಿ, ಹೋಗ್ತೀನಿ."

"ಡಿಸ್ಕ್ ಹೋಯ್ತು ಅಂತ ಅಂಗಡಿಗೆ ಫೋನ್ ಮಾಡೋಕೆ ಮುಂಚೆ, ಬೇರೆ ಏನು ನೆಪ ಹೇಳಿ ಫೋನ್ ಮಾಡಲಿ ಅಂತ ಎರಡು ದಿನದಿಂದ ಯೋಚಿಸ್ತಿದ್ದೆ," ಎಂದ ಅವನು ಮೆಲ್ಲಗೆ. "ಮೌಸ್ ಕೆಟ್ಟಿದೆ ಅನ್ನೋಣ ಅಂತಿದ್ದೆ. ಸಾಕು ಪುಟ್ಟೀ. ಬೇಕಾದಷ್ಟಾಯ್ತು."

ಆ ಹೆಸರು ಅವನಿಗೆ ಹೇಗೆ ಗೊತ್ತು? ಮಾವ ಮುಂದಿನ ಕೋಣೆಯಿಂದ ಕೂಗಿದ್ದು ಕೇಳಿಸಿಕೊಂಡಿರಬೇಕು. ತಾನೊಬ್ಬಳೇ ಕೇಳಿಸಿಕೊಳ್ಳುತ್ತಿದ್ದೆ ಅಂದುಕೊಂಡಿದ್ದಳು. ಅವನು ಕೈ ಚಾಚಿದ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ತನ್ನದನ್ನು ಅದರೊಳಗೆ ಇಟ್ಟಳು. ಬೆಚ್ಚಗಿತ್ತು.

ಕಿಟಕಿಯ ಹೊರಗೆ ಲಾಂಡ್ರಿಯವರು ಬಿಳಿ ಚಾದರಗಳನ್ನು ಒಳಗೆ ತಗೊಳ್ಳುತ್ತಿದ್ದರು. ಅವಳ ಫೋನು ಚೀಲದೊಳಗೆ ರಿಂಗಾಗಿ ನಿಂತಿತು, ಮತ್ತೆ ರಿಂಗಾಯಿತು. ತೆಗೆದು ನೋಡಿದರೆ ಅತ್ತೆ.

ಪುಟ್ಟಿ ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು.

"ಏನಾಯ್ತು?"

"ಕಾಲು ನಡುಗ್ತಿದೆ." ಅವಳು ತನ್ನ ಮೊಣಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಇವತ್ತು ಮನೇಲಿ ನನ್ನ ಮದುವೆ ಮಾತಿತ್ತು. ಬೇಡ ಅಂತ ಆ ಹುಡುಗನಿಗೆ ಹೇಳಿ ಬಂದೆ. ಅತ್ತೆಗೆ ಇನ್ನೂ ಹೇಳಿಲ್ಲ. ನಂಗೆ... ಭಯ ಆಗ್ತಿದೆ."

ಎಷ್ಟೋ ಕಾಲದ ಮೇಲೆ ಅವಳಿಗೆ ಆದದ್ದು ಭಯ. ಅದರ ಹಿಂದೆಯೇ, ಇನ್ನೂ ಬಹಳ ದೂರದಲ್ಲಿ, ಅಮ್ಮನ ನೆನಪು ಎದ್ದು ಬರುತ್ತಿರುವುದು ಅವಳಿಗೆ ಗೊತ್ತಾಯಿತು. ಅದು ಬಂದಾಗ ನೋಯುತ್ತದೆ. ನೋಯಲಿ ಎಂದುಕೊಂಡಳು.

ಅವನು ಎದ್ದು ಪಕ್ಕದಲ್ಲಿ ಬಂದು ನಿಂತ.

"ನಾನೂ ಬರ್ಲಾ ಜೊತೆಗೆ?"

"ಬೈತಾರೆ."

"ನನ್ನನ್ನೂನಾ?"

"ನಿಮ್ಮನ್ನೇ ಮೊದಲು."

"ಹಾಗಾದ್ರೆ ಒಂದ್ನಿಮಿಷ ಇರಿ," ಅವನು ಬಗ್ಗಿ ಬಾಗಿಲ ಬಳಿ ಇದ್ದ ಬೂಟು ಎಳೆದುಕೊಂಡ. "ಇಂಥದ್ದಕ್ಕೆಲ್ಲ ಚಪ್ಪಲೀಲಿ ಹೋಗಬಾರದು, ಓಡೋಕೆ ಕಷ್ಟ."

ಅವಳು ಕಾದಳು. ಅವನು ಎರಡನೇ ಬೂಟಿಗೆ ಕಾಲು ತೂರಿಸುವಾಗ, ಬೀಳದಿರಲೆಂದು, ಅವಳ ಕೈ ಹಿಡಿದುಕೊಂಡ.

"ಬಿಗಿಯಾಗಿ ಹಿಡ್ಕೊಳ್ಳಿ," ಎಂದಳು ಪುಟ್ಟಿ.